ಉಗುರಿನ ಬೂದಿ

ಚಕ್ರದ ಸಂದಿಯಿಂದ ಕೆಂಪು ನೀರು ಇಳಿಯುತ್ತಿದೆ, ವಕೀಲರ ಕಾರಿನ ಮೈ ತೊಳೆದಾಯಿತು, ಚಕ್ರಗಳು ಕೊನೆಗೆ, ಚಕ್ರದ ಬಟ್ಟೆ ಬೇರೆ, ಅದು ಮೈಗೆ ತಾಗ್ಬಾರ್ದು ದೇವಮ್ಮಕ್ಕ, ಒಂದು ಮರಳಿನ ಕಾಳು ಸಾಕು ಗೀರ್ಲಿಕ್ಕೆ, ಹೀಗೆಂದು ಕಲಿಸಿದವನು ಹಿಂದಿನ ಡ್ರೈವರ್ ಪೋಕರ್ — ಗಂಟೆ ಒಂಬತ್ತಾಗುತ್ತ ಬಂತೇ, ಗೇಟಿನಾಚೆ ಟಪಾಲು ಪೆಟ್ಟಿಗೆ, ಒಂಬತ್ತಕ್ಕೆ ಪೋಸ್ಟಿನ ಕುಕ್ಕಪ್ಪ ಬಂದು ಬೀಗ ತೆರೆದರೆ ಇವತ್ತಿನದು ಮುಗಿಯಿತು, ಸೆರಗಿನ ಗಂಟಿನಲ್ಲಿ ಕಾಗದ, ವಕೀಲರ ಕೈಗೆ ಕೊಡಲು ಧೈರ್ಯ ಸಾಲದೆ ನಾಲ್ಕು ತಿಂಗಳು ಅಕ್ಕಿಡಬ್ಬಿಯಲ್ಲಿಟ್ಟ ಕಾಗದ, ನಿನ್ನೆಯಷ್ಟೇ ಬೇರೆ ವಿಳಾಸ ಬರೆದೆ. ಎಂತ ದೇವಮ್ಮಕ್ಕ, ಮದುಮಗಳಿಗೆ ಅರಸಿನ ಹಚ್ಚುದಾ, ಬೇಗ ಮಾರಾಯ್ರೆ — ಈಗಿನ ಡ್ರೈವರ್ ಸಂಕಪ್ಪನಿಗೆ ನಗು, ಅವನೇ ನಿನ್ನೆ ಹೇಳಿದ್ದು, ಕಲ್ಲುಗುಂಡಿಯಲ್ಲಿ ಲಾರಿಗೆ ಮರ ಹೊರುತ್ತಿದ್ದ ಪೋಕರ್ ಸುಳ್ಯದ ಬಸ್ಸಿನ ಯಜಮಾನರಲ್ಲಿ ಕೆಲಸ ಕೇಳಿದ್ದಾನಂತೆ, ಹಿಂದಿನ ಧನಿ ಯಾಕೆ ಬಿಡಿಸಿದ್ರು ಅಂತ ಅವರಿಗೆ ಸಂಶಯ ಉಂಟು, ಶನಿವಾರ ತೀರ್ಮಾನ, ಸಿಕ್ಕುದಿಲ್ಲ ಬಿಡಿ. ಇವತ್ತು ಗುರುವಾರ.

ನೆಲ್ಯಾಡಿಯಲ್ಲಿ ಹೊಸ ಡಾಮರು ಹಾಕಿದ ವರ್ಷ, ಕಾರು ಬಂದು ತಿಂಗಳಾಗಿಲ್ಲ, ಮಡ್ಗಾರ್ಡಿನ ತುಂಬ ಡಾಮರಿನ ಚುಕ್ಕಿ, ಅದು ಸಡಿಲಾಗಲೆಂದು ಪೋಕರ್ ತೆಂಗಿನೆಣ್ಣೆ ಹಚ್ಚಿ ಬಿಟ್ಟು ನಮಾಜಿಗೆ ಹೋಗಿದ್ದ, ನನ್ನ ಕಣ್ಣಿಗೆ ಕಂಡದ್ದು ಜಿಡ್ಡು, ಜಿಡ್ಡಾದ ಹಂಡೆಗೆ ಏನು ಮಾಡುತ್ತೇವೆ, ಬೂದಿ, ತೆಂಗಿನ ನಾರು, ಉಜ್ಜಿದೆ, ಕೈ ಸೋಲುವವರೆಗೆ ಉಜ್ಜಿದೆ, ತಾಮ್ರವಾಗಿದ್ದರೆ ಹೊಳೆಯುತ್ತಿತ್ತು, ಇದು ಹೊಳೆಯಲಿಲ್ಲ, ಕನ್ನಡಿಯಂಥ ಕಪ್ಪು ಹೋಗಿ ಹೊಗೆ ಕವಿದಂತಾಯಿತು, ಸುತ್ತು ಸುತ್ತು ಗೀರು. ವಕೀಲರು ಜಗಲಿಯಿಂದ ಇಳಿದರು, ಯಾರ ಗೋಡೆಗೆ ಉಜ್ಜಿಸಿ ತಂದೆ ಪೋಕರ್, ಕೇಳದೆ ಕಾರು ಎಲ್ಲಿಗೆ ಕೊಂಡೋದದ್ದು — ಪೋಕರ್ ಗೀರು ನೋಡಿದ, ನನ್ನ ಕೈ ನೋಡಿದ, ಉಗುರಿನಲ್ಲಿ ಬೂದಿ, ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ, ಈ ಮನೆಯ ಹಿಂದಿನ ಕೋಣೆ ಬಿಟ್ಟರೆ ನನಗೆ ಬೇರೆ ನೆಲೆಯಿಲ್ಲ, ಅದು ಅವನಿಗೂ ಗೊತ್ತು, ಅವನೇ ಹೇಳಿದ, ಹೌದು ಧನಿ, ನನ್ನ ಕೈಯಿಂದ್ಲೇ ಆದದ್ದು. ತಿಂಗಳ ಕೊನೆಗೆ ಕೆಲಸ ಬಿಡು ಎಂದರು. ಉಳಿದ ಎಂಟು ದಿನ ನನಗೆ ಕಾರು ತೊಳೆಯಲು ಕಲಿಸಿದ, ಆ ಮಾತು ಎತ್ತಲೇ ಇಲ್ಲ, ಒಮ್ಮೆ ಬೈದಿದ್ದರೆ! ಆಮೇಲೆ ಮೂರು ವರ್ಷ, ರಾತ್ರಿ ಶಾಲೆ, ಸ್ಲೇಟು, ಟೀಚರಮ್ಮನ ತಮಾಷೆ, ಇಷ್ಟು ಅವಸರ ಎಂತದಕ್ಕೆ ದೇವಮ್ಮ, ಯಾರಿಗೆ ಬರೆಯುದು — ನಾಲ್ಕೇ ಸಾಲು, ಗೀರು ಪೋಕರನದ್ದಲ್ಲ, ಬೂದಿ ಹಾಕಿ ಉಜ್ಜಿದವಳು ನಾನು, ಕೊನೆಯ ಸಾಲು ನಿನ್ನೆ ಬಸ್ಸಿನ ಯಜಮಾನರಿಗೆಂದು ಸೇರಿಸಿದ್ದು, ವಕೀಲರಿಗೂ ತಿಳಿಸಬಹುದು. ತಿಳಿಸುತ್ತಾರೆ. ಕೋಣೆ ಹೋಗುತ್ತದೆ.

ಸೈಕಲ್ಲಿನ ಗಂಟೆ, ಕುಕ್ಕಪ್ಪ ಬಂದ, ಬೀಗಕ್ಕೆ ಕೈ ಹಾಕಿದ, ಬಟ್ಟೆ ಬಿಸಾಡಿ ಎದ್ದೆ, ದೇವಮ್ಮ, ಎಲ್ಲಿಗೆ ಓಡುದು, ಒಂದು ಚಕ್ರ ಬಾಕಿ ಉಂಟಲ್ಲ, ಜಗಲಿಯಿಂದ ವಕೀಲರ ಸ್ವರ, ಕಾಲು ನಿಲ್ಲಬಾರದು, ಕೈ ಒರೆಸಬೇಕು, ಇನ್ನೊಮ್ಮೆ ಒರೆಸಬೇಕು, ಕೊಡಿ ದೇವಮ್ಮಕ್ಕ, ಚೀಲಕ್ಕೆ ಹಾಕುವ, ಬೇಡ ಕುಕ್ಕಪ್ಪ, ನಾನೇ ಹಾಕ್ತೇನೆ — ಪೆಟ್ಟಿಗೆಯ ಬಾಯಿ, ಕಾಗದ ಜಾರಿತು, ಬಿದ್ದ ಸದ್ದೂ ಕೇಳಿತು, ಕೈ ಮಾತ್ರ ಅಲ್ಲೇ, ಕೆಂಪು ಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಐದು ಬೆರಳು, ಬೆಳಿಗ್ಗೆ ಹಂಡೆ ತಿಕ್ಕಿದ್ದು, ಉಗುರಿನಲ್ಲಿ ಬೂದಿ, ಉಗುರಿನಲ್ಲಿ ಬೂದಿ