ವರ್ನಾಳ ಕರಡಿ

ಸಣ್ಣ ಲೀಗಿನ ಐಸ್ ಹಾಕಿ ಹುಡುಗರು ಇವತ್ತು ಈ ಊರಿನ ತಂಡ, ನಾಳೆ ಇನ್ನೊಂದು. ಊರಿನ ತಂಡಕ್ಕೆ ಆಡುತ್ತಾ ಮೂರು ಚಳಿಗಾಲ ವರ್ನಾಳ ಮನೆಯ ಮಹಡಿಯಲ್ಲಿದ್ದು, ಅವಳು ಮಾಡಿದ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ತಿಂದ ರೀಸ್‌ನನ್ನೂ ಕಳೆದ ತಿಂಗಳು ಪಕ್ಕದೂರಿನ ತಂಡಕ್ಕೆ ಕೊಟ್ಟುಬಿಟ್ಟರು. ಆಮೇಲೆ ವರ್ನಾ ಒಬ್ಬಳಿಗೇ ಬೇಯಿಸಿಕೊಳ್ಳುವುದನ್ನೂ ಬಿಟ್ಟಳು. ಪಂದ್ಯಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಡಿಸೆಂಬರಿನ ಒಂದು ಪಂದ್ಯದಲ್ಲಿ, ಊರಿನ ತಂಡ ಮೊದಲ ಗೋಲು ಹೊಡೆದೊಡನೆ ಬಡ ಮಕ್ಕಳಿಗೆ ಹಂಚಲೆಂದು ಎಲ್ಲರೂ ಗೊಂಬೆ ಕರಡಿಗಳನ್ನು ಮಂಜಿನಂಗಳಕ್ಕೆ ಎಸೆಯುವುದು ಅಲ್ಲಿನ ವಾಡಿಕೆ. ಈ ವರ್ಷ ಆ ಪಂದ್ಯ ಪಕ್ಕದೂರಿನ ತಂಡದ ಮೇಲೆ. ಶನಿವಾರ ಮಧ್ಯಾಹ್ನ ಮೊದಲ ಗೋಲು ಬಿತ್ತು. ಹೊಡೆದವನು ರೀಸ್. ವರ್ನಾಳ ಕೈ ಮೂರು ವರ್ಷದ ಅಭ್ಯಾಸದಂತೆ ಮೇಲೆದ್ದಿತು. ಇಡೀ ಅಂಗಳದಲ್ಲಿ ಒಂದೇ ಒಂದು ಕಂದು ಕರಡಿ ಬಿತ್ತು.

"ವರ್ನಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ? ಗೋಲ್ ಹೊಡ್ದಿದ್ದು ಅವ್ರು!" ಹಿಂದಿನ ಸಾಲಿನ ಡ್ಯಾರಿಲ್ ಕೂಗಿದ. ಸುತ್ತಲಿನವರು ಗೊಳ್ಳೆಂದರು.

"ಕಣ್ ಕಾಣ್ಸತ್ತೆ ನಂಗೆ. ಬಾಯ್ ಮುಚ್ಕೊಂಡ್ ಕೂತ್ಕೋ."

ರೀಸ್ ಗೆಳೆಯರ ಅಪ್ಪುಗೆಯಿಂದ ಬಿಡಿಸಿಕೊಂಡು ಬಂದ. ಕರಡಿಯನ್ನು ಕೋಲಿನಿಂದ ಬದಿಗೆ ತಳ್ಳಿದ. ತಲೆ ಎತ್ತಿ ನೋಡಲಿಲ್ಲ.

ಹತ್ತು ನಿಮಿಷಕ್ಕೆ ಊರಿನ ತಂಡವೂ ಗೋಲು ಹೊಡೆಯಿತು. ಸಾವಿರಾರು ಕರಡಿಗಳು ಮಳೆಯಂತೆ ಸುರಿದವು. ಬರಿಗೈಯಲ್ಲಿ ಕೂತಿದ್ದ ವರ್ನಾಳನ್ನು ನೋಡಿ ಡ್ಯಾರಿಲ್‌ಗೆ ಅಯ್ಯೋ ಅನ್ನಿಸಿತು. "ತಗೋ ಅಕ್ಕ, ನನ್ಹತ್ರ ಎರಡಿದೆ," ಎಂದು ಒಂದನ್ನು ಚಾಚಿದ.

ವರ್ನಾ ತಿರುಗಿಯೂ ನೋಡಲಿಲ್ಲ.

"ಬೇಡ. ನಂದು ಎಸೆದಾಯ್ತು."