ನೀರು ತಾಗದ ಮಗಳು

ಈಸ್ಟರ್ ಹಬ್ಬಕ್ಕೆ ಮುಂಚಿನ ಯಾತನೆಯ ವಾರದಲ್ಲಿ ಸತ್ತವರಿಗೆ ಅಂತ್ಯಪ್ರಾರ್ಥನೆಯಿಲ್ಲ. ಆ ವಾರ ಸಾಯಬಹುದಾದ ಎಲ್ಲರಿಗಾಗಿ ಅದರ ಮೊದಲ ದಿನ, ಗರಿಗಳ ಭಾನುವಾರವೇ ಅದನ್ನು ಒಟ್ಟಿಗೆ ಮುಗಿಸಿ, ನೆರೆದವರ ಮೇಲೆ ಮಂತ್ರಿಸಿದ ನೀರು ಚಿಮುಕಿಸುತ್ತಾರೆ. ಈಜಿಪ್ಟಿನ ಅಖ್ಮೀಮ್ ಊರಿನ ಕಾಪ್ಟಿಕ್ ಕ್ರೈಸ್ತರಲ್ಲಿ ಇದು ಮಕ್ಕಳಿಗೂ ಗೊತ್ತು.

ಬುಧವಾರ ಬೆಳಿಗ್ಗೆ ಕರಿಬಟ್ಟೆ ಹೊದ್ದ ಚರ್ಚಿನ ನಡುವೆ ಯುಸ್ತೀನಾಳ ಪೆಟ್ಟಿಗೆ ಇಳಿದಾಗ, ಭಾನುವಾರದ ಆ ನೀರು ಅವಳಿಗೆ ತಾಗಿಲ್ಲವೆಂಬುದು ತಾಯಿ ಬಲ್ಸಮ್‌ಗೆ ಮಾತ್ರ ಗೊತ್ತಿತ್ತು.

ಹಬ್ಬ ಕಳೆದರೆ ಮಗಳ ಮದುವೆ. ಮದುಮಗಳಾಗುವವಳು ಸಾವಿನ ಪ್ರಾರ್ಥನೆಗೆ ನಿಲ್ಲಬಾರದೆಂದು ಬಲ್ಸಮ್ ಅವಳನ್ನು ಮೊದಲೇ ಮನೆಗೆ ಅಟ್ಟಿದ್ದಳು. ಯುಸ್ತೀನಾ ಗರಿಯ ಶಿಲುಬೆ ಹೆಣೆಯುತ್ತಲೇ ನಕ್ಕಿದ್ದಳು: "ಹಂಗಾದ್ರೆ ಈ ವಾರ ನಂಗೆ ಸಾಯೋಕೂ ಪುರುಸೊತ್ತಿಲ್ಲ ಅನ್ನು, ಅಮ್ಮ."

ಸೋಮವಾರ ತಲೆನೋವು ಎಂದಳು. ಮಂಗಳವಾರ ಮಧ್ಯಾಹ್ನಕ್ಕೆ ಎಲ್ಲವೂ ಮುಗಿದಿತ್ತು.

ಬಲ್ಸಮ್ ಅಳಲಿಲ್ಲ. ಊರಿನ ಪ್ರತಿ ಸಾವಿಗೂ ಶೋಕಗೀತೆ ಕಟ್ಟಿ ಹಾಡುತ್ತಿದ್ದವಳು ಅವಳೇ. ಪುನರುತ್ಥಾನವನ್ನು ನಂಬುವವರಿಗೆ ಆ ಗೋಳು ಸಲ್ಲದೆಂದು ಪಾದ್ರಿ ಅಬೂನಾ ಬಿಶಾಯ್ ಮೂರು ವರ್ಷದ ಹಿಂದೆ ತಡೆದಿದ್ದರು. ಅಂದಿನಿಂದ ಅವಳು ಹಾಡಲು ಬಾಯಿ ತೆರೆದಿರಲಿಲ್ಲ.

ಅಬೂನಾ ಆ ಗಳಿಗೆಗೆ ಗೊತ್ತಾದ ಬೈಬಲ್ ಪಾಠಗಳನ್ನು ಶೋಕರಾಗದಲ್ಲಿ ಓದಿ ಮುಗಿಸಿದರು. ಹೊರುವವರು ಪೆಟ್ಟಿಗೆಗೆ ಕೈಹಾಕಿದರು. ಬಲ್ಸಮ್ ಅದರ ಮೇಲೆ ಅಂಗೈಯೂರಿ ನಿಂತುಬಿಟ್ಟಳು.

"ಭಾನುವಾರ ಇವಳು ಇಲ್ಲಿರಲಿಲ್ಲ ಅಬೂನಾ. ನಾನೇ ಹೊರಗೆ ಕಳಿಸಿದ್ದೆ. ನೀರು ತಾಗಿಲ್ಲ ಇವಳಿಗೆ."

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದು ಅಡಗಿತು. ಆ ಪ್ರಾರ್ಥನೆ ಅಂದು ಬಾರದವರಿಗೂ ಸೇರಿದ್ದೆಂದು ಅಬೂನಾ ಸಮಾಧಾನ ಹೇಳಿದರು. ಅವಳು ಕೈ ತೆಗೆಯಲಿಲ್ಲ. ನಿಯಮ ಮುರಿದು ಇನ್ನೊಮ್ಮೆ ಪ್ರಾರ್ಥಿಸುವಂತಿಲ್ಲ. ಬರಿಗೈಯಲ್ಲಿ ಕಳಿಸಲೂ ಆಗದು. ಅಬೂನಾ ಪುಸ್ತಕ ಮುಚ್ಚಿದರು.

"ಈ ವಾರ ಸಾವಿನ ಪ್ರಾರ್ಥನೆ ನನ್ನ ಬಾಯಲ್ಲಿಲ್ಲ, ಯುಸ್ತೀನಾಳ ತಾಯಿ. ನಿಮ್ಮ ಬಾಯಲ್ಲಿದ್ದದ್ದನ್ನ ನಾನೇ ಕಟ್ಟಿಹಾಕಿದ್ದೆ. ಈಗ ಹಾಡಿ. ನಾವು ನಿಂತು ಕೇಳ್ತೀವಿ."

ಅವರು ಕೆಳಗಿಳಿದು, ಜನರ ನಡುವೆ ತಲೆತಗ್ಗಿಸಿ ನಿಂತರು.

ಬಲ್ಸಮ್‌ಳ ಬಾಯಿಂದ ಒಡಕು ಸ್ವರವೊಂದು ಎದ್ದಿತು:

"ಗೋರಂಟಿ ಕಲಸಿಟ್ಟ ಬಟ್ಟಲು ಎಲ್ಲಿಡಲೇ ಮಗಳೇ,
ಕೈ ಚಾಚೆಂದರೆ ಯಾರು ಚಾಚುವರೇ..."

ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಬಲ್ಸಮ್‌ಳ ಕಣ್ಣೀರು ಪೆಟ್ಟಿಗೆಯ ಹಲಗೆಯ ಮೇಲೆ ತೊಟ್ಟಿಕ್ಕತೊಡಗಿತು. ಅವಳು ಅದನ್ನು ಒರೆಸಲಿಲ್ಲ, ಅಂಗೈಯಿಂದ ಉದ್ದಕ್ಕೂ ಸವರಿದಳು.