ಟವೆಲ್ ಕಟ್ಟೋ ಕಂಪೌಂಡ್ರು

ನಗಿಸೋದು ಸುಲಭ ಅಂತ ಯಾರಾದ್ರೂ ಹೇಳಿದ್ರೆ ಅವರನ್ನ ತಂದು ನನ್ನೆದುರಿಗೆ ನಿಲ್ಸಿ. ಒಂಬತ್ತು ವರ್ಷ, ಸೋಮವಾರ ಒಂದು ಬಿಟ್ಟು ದಿನಕ್ಕೆ ಮೂರು ಶೋ ಮಾಡಿದವನು ನಾನು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಹೋಗೋ ರಸ್ತೇಲಿ ಕಾಫಿವನ ಪಾರ್ಕ್ ಅಂತ ಇತ್ತಲ್ಲ? ನೀರಲ್ಲಿ ಜಾರೋದು, ಗುದ್ದಾಡೋ ಕಾರು, ದೊಡ್ಡ ತೊಟ್ಟಿಲು. ಅಲ್ಲಿ ಶೀಟ್ ಹೊದ್ದಿಸಿದ ಸ್ಟೇಜಿನ ಮೇಲೆ 'ದಾಮು ಡಾಕ್ಟ್ರ ಆಸ್ಪತ್ರೆ' ಅಂತ ಕಾಮಿಡಿ ಶೋ ನಡೀತಿತ್ತು. ಆ ದಾಮು ಡಾಕ್ಟ್ರು ನಾನೇ, ದಾಮೋದರ. ಈಗ ಮೂಡಿಗೆರೆ ಬಸ್ ಸ್ಟ್ಯಾಂಡ್ ಪಕ್ಕ ನಿಂತು "ಜಾವಳಿ, ಜಾವಳಿ, ಜಾವಳಿ" ಅಂತ ಕೂಗಿ ಆ ಊರಿನ ಜೀಪಿಗೆ ಜನ ತುಂಬಿಸ್ತೀನಿ. ಅದೇ ಗಂಟಲು, ಮಾರಾಯ್ರೆ.

ಹೋದ ತಿಂಗಳು ಗಾನಶ್ರೀ ಅನ್ನೋ ಹುಡುಗಿ ಫೋನ್ ಮಾಡಿದ್ಲು. ಸ್ಕೂಲಲ್ಲಿದ್ದಾಗ ನನ್ನ ಶೋ ನೋಡಿದ್ಲಂತೆ, ಈಗ ಅವಳೇ ಟೀಚರು. ಪಾರ್ಕ್ ಒಡೆದು ಕಾಟೇಜ್ ಕಟ್ತಾರೆ, ಒಡೆಯೋಕೆ ಮುಂಚೆ ಒಂದು ಭಾನುವಾರ ಹಳಬರೆಲ್ಲ ಸೇರೋಣ, ನೀವು ಬಂದು ಡಾಕ್ಟ್ರ ವೇಷ ಹಾಕ್ಬೇಕು ಅಂದ್ಲು.

"ನೋಡೋಣ ಬಿಡಮ್ಮ, ನಂಗೂ ಕೆಲಸ ಇದೆ" ಅಂದೆ. ಫೋನ್ ಇಟ್ಟ ಮೇಲೆ ಅಟ್ಟ ಹತ್ತಿ ಬಿಳಿ ಕೋಟು, ಶೋ ಸಾಮಾನು ಹುಡುಕಿದೆ.

ನನ್ನ ಹೆಂಡತಿ ಅಂಬುಜಾ ಕೆಳಗೆ ಏಣಿ ಹಿಡ್ಕಂಡು ನಿಂತು, "ಸೊಂಟ ಮುರ್ಕಂಡ್ರೆ ಯಾವ ಡಾಕ್ಟ್ರಿಗೆ ತೋರಿಸ್ಲಿ? ಈ ಡಾಕ್ಟ್ರಿಗೇ?" ಅಂದ್ಲು. ಅವಳ ಬಾಯಿ ಯಾವಾಗ್ಲೂ ಹಂಗೇ. ಆದ್ರೆ ಕೋಟು ಒಗೆದು ಇಸ್ತ್ರಿ ಮಾಡಿಟ್ಟಿದ್ದೂ ಅವಳೇ.

ನಂಗೆ ಈ ಊರಲ್ಲಿ ಇನ್ನೇನಿದೆ ಹೇಳಿ? ತೋಟ ಇಲ್ಲ, ಹೆಸರಿಲ್ಲ. ಇರೋದು ಒಂದೇ ಮಾತು. ಶುರುವಿನ ಎರಡು ತಿಂಗಳು, ಕೊನೆಯ ಎರಡು ತಿಂಗಳು ಬಿಡಿ, ಸ್ಟೇಜಲ್ಲಿ ನನ್ನ ಕುರ್ಚಿ ಮೇಲೆ ಕೂತ ಒಬ್ಬ ಗಂಟುಮೋರೆನೂ ನಗದೆ ಎದ್ದು ಹೋಗಿಲ್ಲ. ಆ ಮಾತನ್ನ ನಾನು ಜೀಪ್ ಡ್ರೈವರ್‌ಗಳಿಗೆ ಹೇಳ್ತೀನಿ, ಕ್ಷೌರದ ಅಂಗಡೀಲಿ ಹೇಳ್ತೀನಿ. ಅವರಿಗೆಲ್ಲ ಕೇಳಿ ಕೇಳಿ ಸಾಕಾಗಿದೆ. ಆದ್ರೂ ಅದು ನನ್ನದು. ಅದನ್ನ ಯಾರೂ ಕಿತ್ಕಳಕ್ಕೆ ಆಗಲ್ಲ ಅಂದ್ಕಂಡಿದ್ದೆ.

ಶೋ ಹೆಂಗಿತ್ತು ಅಂದ್ರೆ, ನಾನು ಡಾಕ್ಟ್ರು, ಇದ್ರೀಸ್ ಕಂಪೌಂಡ್ರು. ಮೂಡಿಗೆರೆ ಪಕ್ಕದ ಹ್ಯಾಂಡ್‌ಪೋಸ್ಟಿನವನು ಅವನು, ಅಣ್ಣನ ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡ್ಕಂಡಿದ್ದ, ಒಂದು ಸಲ ಗಣಪತಿ ಪೆಂಡಾಲಲ್ಲಿ ನನ್ನ ಜೊತೆ ಸ್ಟೇಜ್ ಹತ್ತಿದವನು ಹಂಗೇ ಉಳಿದ. ಅರ್ಧ ಗಂಟೆ ನಾನು ಒಬ್ಬನೇ ಮಾತಾಡ್ತಿದ್ದೆ. ಅಷ್ಟರಲ್ಲಿ ಇದ್ರೀಸ್ ಪರದೆ ಸಂದಿಯಿಂದ ಜನರನ್ನ ನೋಡಿ, ಯಾರು ಮುಖ ಗಂಟು ಹಾಕ್ಕಂಡು ಕೂತಿದಾರೋ ಅವರನ್ನ ಕೈ ಹಿಡಿದು ಮೇಲೆ ಕರ್ಕಂಡು ಬರ್ತಿದ್ದ. ಅವರೇ ಅವತ್ತಿನ ಪೇಷೆಂಟು. ಕುರ್ಚಿ ಮೇಲೆ ಕೂರಿಸಿ, ಬಗ್ಗಿ, ಕುತ್ತಿಗೆಗೆ ಟವೆಲ್ ಕಟ್ತಿದ್ದ. ಆಮೇಲೆ ನಾನು ಸ್ಟೆತಸ್ಕೋಪ್ ಹೊಟ್ಟೆ ಮೇಲಿಟ್ಟು, "ಅಯ್ಯಯ್ಯೋ, ಒಳಗೆ ಜಡಿಮಳೆ! ಕಂಪೌಂಡ್ರೇ, ಕೊಡೆ ತನ್ನಿ!" ಅಂತಿದ್ದೆ. ಕೊಡೆ ಬಿಚ್ಚಿದ್ರೆ ಬರೀ ಕಡ್ಡಿ, ಬಟ್ಟೆನೇ ಇಲ್ಲ. ಅದನ್ನ ಪೇಷೆಂಟಿನ ತಲೆ ಮೇಲೆ ಹಿಡಿದು, "ಇನ್ನು ನೆನೆಯಲ್ಲ, ಧೈರ್ಯವಾಗಿ ಮನೆಗೆ ಹೋಗಿ" ಅಂತಿದ್ದೆ. ಪೇಷೆಂಟು ಬಿದ್ದು ಬಿದ್ದು ನಗ್ತಿದ್ರು. ಅಲ್ಲಿಗೆ ಶೋ ಮುಗೀತು.

ಮೊದಮೊದಲು ಕೊಡೆ ಇರ್ಲಿಲ್ಲ. ಶುರು ಮಾಡಿದ ಎರಡನೇ ತಿಂಗಳಲ್ಲಿ ಕಳಸದ ಕಡೆಯ ಒಬ್ರು ಪ್ಲಾಂಟರು ಪೇಷೆಂಟಾಗಿ ಬಂದ್ರು. ನಾನು ತಲೆ ಕೆಳಗಾಗಿ ನಿಂತ್ರೂ ನಗಲಿಲ್ಲ. ಟವೆಲ್ ಬಿಚ್ಚಿಟ್ಟು ಎದ್ದು ಹೋದ್ರು. ಅವತ್ತು ಮಧ್ಯಾಹ್ನ ಕ್ಯಾಂಟೀನಲ್ಲಿ ನಾನು ಅನ್ನದ ತಟ್ಟೆ ಮುಂದಿಟ್ಕಂಡು ಕೂತೇ ಇದ್ದೆ.

"ಎಂತ ಮಾರಾಯ, ಒಬ್ಬರು ನಗಲಿಲ್ಲ ಅಂತ ಊಟ ಬಿಡ್ತೀಯಾ? ಮುನ್ನೂರು ಜನ ನಕ್ರಲ್ಲ" ಅಂದ ಇದ್ರೀಸ್.

"ಮುನ್ನೂರು ಜನ ಯಾರಿಗೆ ಬೇಕು? ಆ ಒಬ್ಬ ನಗಲಿಲ್ಲ. ನಂಗೆ ಸೇರಲ್ಲ" ಅಂದು ತಟ್ಟೆ ತಳ್ಳಿದೆ. ಅವನು ಎದ್ದ. ನನ್ನ ತಟ್ಟೆ ಎತ್ಕಂಡು ಹೋಗಿ ತೊಳೆದಿಟ್ಟ.

ಅದೇ ವಾರ ನಂಗೆ ಕೊಡೆ ಹೊಳೀತು. ಅವತ್ತಿಂದ ಒಬ್ಬರೂ ತಪ್ಪಲಿಲ್ಲ ನೋಡಿ. ಪೊಲೀಸಿನವರು ನಕ್ರು, ಪುರೋಹಿತರು ನಕ್ರು, ಗಂಡನ ಜೊತೆ ಜಗಳ ಆಡ್ಕಂಡು ಬಂದ ಹೆಂಗಸು ಕಣ್ಣೀರು ಒರೆಸ್ಕಂಡು ನಕ್ಲು. ಎಲ್ಲ ಆ ಕೊಡೆ ಮಹಿಮೆ ಅಂತ ನಾನು ಅದಕ್ಕೆ ಆಯುಧಪೂಜೆ ದಿನ ಕುಂಕುಮ ಹಚ್ತಿದ್ದೆ.

ಒಂಬತ್ತನೇ ವರ್ಷ ಮ್ಯಾನೇಜರು ನನ್ನ ಕರೆದ್ರು. ಜನ ಕಮ್ಮಿ, ಶೋಗೆ ಒಬ್ಬರೇ ಸಾಕು, ಯಾರು ಅಂತ ನೀವೇ ಹೇಳಿ ಅಂದ್ರು. ನಾನು ಒಂದು ಗಳಿಗೆನೂ ಯೋಚನೆ ಮಾಡಲಿಲ್ಲ. "ಟವೆಲ್ ಕಟ್ಟೋಕೆ ಯಾರಾದ್ರೂ ಆಗ್ತದೆ ಸಾರ್" ಅಂದೆ. ತಿರುಗಿ ನೋಡಿದ್ರೆ ಇದ್ರೀಸ್ ಬಾಗಿಲಲ್ಲಿ ನಿಂತಿದ್ದ. ಕೇಳಿಸ್ಕಂಡಿದ್ದ. ಸಂಜೆ ಟವೆಲ್ ಮಡಚಿ ಕುರ್ಚಿ ಮೇಲಿಟ್ಟು, "ಹೊಟ್ಟೆ ನೋಡ್ಕ ದಾಮು" ಅಂದು ಹೋದ.

ಆಮೇಲೆ ಪೇಷೆಂಟುಗಳು ನಗೋದು ನಿಂತೋಯ್ತು. ಅದೇ ಕೊಡೆ, ಅದೇ ಮಾತು, ಎದುರಿಗೆ ಕಲ್ಲು. ಎಲ್ಲ ಈ ಮೊಬೈಲಿಂದ, ಟೀವಿ ಕಾಮಿಡಿಯಿಂದ ಜನರ ಬುದ್ಧಿ ಕೆಟ್ಟಿದೆ ಅಂತ ನಾನು ಬೈದೆ. ಎರಡು ತಿಂಗಳಿಗೆ ಶೋ ನಿಲ್ಸಿದ್ರು. ಇದ್ರೀಸ್ ಗ್ಯಾರೇಜಿಗೆ ವಾಪಸ್ ಹೋಗಿದ್ದ. ಹ್ಯಾಂಡ್‌ಪೋಸ್ಟ್ ಏನು ದೂರ? ಒಂದಿನ ಹೋಗಿ ಮುಖ ತೋರಿಸಲಿಲ್ಲ ನಾನು. ಮೂರು ವರ್ಷದ ಹಿಂದೆ ಅವನು ತೀರ್ಕಂಡ ಅಂತ ಬಸ್ ಸ್ಟ್ಯಾಂಡಲ್ಲಿ ಯಾರೋ ಹೇಳಿದ್ರು. ಜೀಪು ಅರ್ಧ ತುಂಬಿತ್ತು. "ಜಾವಳಿ, ಜಾವಳಿ" ಅಂತ ಕೂಗ್ತಾನೇ ನಿಂತೆ. ಮಣ್ಣಿಗೂ ಹೋಗಲಿಲ್ಲ.

ಭಾನುವಾರ ಪಾರ್ಕಿಗೆ ಹೋದೆ. ನೀರಲ್ಲಿ ಜಾರೋ ಜಾಗದಲ್ಲಿ ಲಂಟಾನ ಬೆಳೆದಿತ್ತು. ತೊಟ್ಟಿಲನ್ನ ಆಗ್ಲೇ ಬಿಚ್ಚಿ ಗುಜರಿಗೆ ರಾಶಿ ಹಾಕಿದ್ರು. ಸ್ಟೇಜಿನ ಪಕ್ಕದಲ್ಲೇ ಜೆಸಿಬಿ ನಿಂತಿತ್ತು. ಎಂಬತ್ತು ಜನ ಬಂದಿದ್ರು, ಎಲ್ಲರ ಬಾಯಲ್ಲೂ ನೆನಪೇ. ಗಾನಶ್ರೀ ನನ್ನ ಕಾಲಿಗೆ ಬಿದ್ಲು. ನಂಗೆ ಹೊಟ್ಟೆ ತುಂಬಿ ಬಂತು, ಸುಳ್ಳು ಯಾಕೆ ಹೇಳ್ಲಿ.

ಟೀ ಕುಡಿಯೋ ಹೊತ್ತಿಗೆ ಜಾವಳಿಯ ಸೋಮಶೇಖರಪ್ಪ ಮೇಷ್ಟ್ರು ಹತ್ರ ಬಂದ್ರು. ರಿಟೈರ್ಡ್ ಹೆಡ್‌ಮಾಸ್ಟ್ರು, ಒಂದು ಕಾಲದಲ್ಲಿ ನನ್ನ ಪೇಷೆಂಟು.

"ಸಾರ್, ನಿಮ್ಮಂಥವರನ್ನೇ ನಗಿಸಿದೆ ನೋಡಿ ನನ್ನ ಕೊಡೆ" ಅಂದೆ.

"ಕೊಡೆ ಎಂತದಪ್ಪ? ನನ್ನ ತಮ್ಮ ತೀರಿ ಹೋಗಿ ತಿಂಗಳಾಗಿತ್ತು ಆಗ. ಮಕ್ಕಳು ಹಠ ಮಾಡಿ ಕರ್ಕಂಡು ಬಂದಿದ್ವು. ನಂಗೆ ಯಾವ ಕೊಡೆ ಕಾಣ್ತಿತ್ತು?" ಅಂದ್ರು ಮೇಷ್ಟ್ರು. "ನಿಮ್ಮ ಕಂಪೌಂಡ್ರು ಕಿವೀಲಿ ಹಂಗೆ ಕೇಳ್ಕಂಡ ಮೇಲೆ ನಗದೆ ಇರೋಕಾಗ್ತದಾ?"

"ಕಿವೀಲಾ?"

"ಟವೆಲ್ ಕಟ್ತಾ ಹೇಳ್ತಿದ್ರಲ್ಲ. 'ದಮ್ಮಯ್ಯ ಸಾರ್, ನೀವು ನಗದಿದ್ರೆ ಆ ಡಾಕ್ಟ್ರು ಇವತ್ತು ಊಟ ಬಿಡ್ತಾರೆ. ಬೆಳಗ್ಗೆಯಿಂದ ಬರೀ ಟೀಲಿದಾರೆ. ಸುಳ್ಳು ನಗೆನಾದ್ರೂ ಪರವಾಗಿಲ್ಲ, ಒಂದ್ಸಲ ನಕ್ಕುಬಿಡಿ.' ಅದೂ ಶೋದಲ್ಲೇ ಇತ್ತು, ನೀವಿಬ್ರೂ ಮಾತಾಡ್ಕಂಡೇ ಮಾಡ್ತಿದ್ರಿ ಅಂದ್ಕಂಡಿದ್ದೆ ನಾನು!"

ಪಕ್ಕದಲ್ಲಿ ಕೂತಿದ್ದ ಸರೋಜಮ್ಮ ಅನ್ನೋರು ಲೋಟ ಕೆಳಗಿಟ್ಟು, "ಅಯ್ಯೋ, ನಂಗೂ ಅದೇ ಹೇಳಿದ್ರು! ಪಾಪ, ಕೈ ಮುಗಿದಿದ್ರು ಟವೆಲ್ ಅಡೀಲಿ. ನಾನು ಮನೆಗೆ ಹೋಗಿ ಅತ್ತೆಗೂ ಹೇಳಿದ್ದೆ" ಅಂದ್ರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕಂಡು ನಕ್ರು. ಅವರದ್ದೇನು ತಪ್ಪು?

ಒಂಬತ್ತು ವರ್ಷ. ದಿನಕ್ಕೆ ಮೂರು ಸಲ. ನನ್ನ ಸಲುವಾಗಿ ಅವನು ಊರವರ ಕಿವೀಲಿ ಬೇಡಿದ್ದ. ನಾನು ನಗಿಸಿದ್ದಲ್ಲ, ಅವನು ಭಿಕ್ಷೆ ಎತ್ತಿ ನನ್ನ ತಟ್ಟೆಗೆ ಹಾಕಿದ್ದು. ಅದನ್ನ ಉಂಡು ನಾನು ಮೀಸೆ ತಿರುವಿದೆ. ಕೊನೆಗೆ ಅವನನ್ನೇ ಮನೆಗೆ ಕಳಿಸಿದೆ. ಥೂ, ಎಂಥ ಜನ್ಮ ನಂದು!

"ಈಗ ನಮ್ಮೆಲ್ಲರ ಪ್ರೀತಿಯ ದಾಮು ಡಾಕ್ಟ್ರು!" ಅಂತ ಗಾನಶ್ರೀ ಮೈಕಲ್ಲಿ ಕೂಗಿದ್ಲು. ಓಡಿ ಹೋಗೋಣ ಅನ್ನಿಸ್ತು. ಕಾಲು ಅಭ್ಯಾಸದ ಮೇಲೆ ಸ್ಟೇಜ್ ಹತ್ತಿಬಿಟ್ವು. ಮಾತು ತಾನಾಗೇ ಬಂತು, ಹಳಬರು ಚಪ್ಪಾಳೆ ತಟ್ಟಿದ್ರು. ಪೇಷೆಂಟ್ ಯಾರು, ಪೇಷೆಂಟ್ ಯಾರು ಅಂತ ಗಲಾಟೆ. ಬೇಡ ಅನ್ನೋದರೊಳಗೆ ಗಾನಶ್ರೀ ಆ ಜೆಸಿಬಿ ಡ್ರೈವರನ್ನೇ ಎಳೆದು ತಂದ್ಲು. ಜಯಪ್ರಕಾಶ್ ಅಂತೆ. ಇವರದ್ದು ಯಾವಾಗ ಮುಗಿಯುತ್ತೆ, ನಾನು ಯಾವಾಗ ಒಡೀಲಿ ಅಂತ ಬೆಳಗ್ಗೆಯಿಂದ ಕಾದು ಮುಖ ಊದಿಸ್ಕಂಡಿದ್ದ.

ಸ್ಟೆತಸ್ಕೋಪ್ ಇಟ್ಟೆ. ಜಡಿಮಳೆ ಅಂದೆ. ಅವನು ವಾಚ್ ನೋಡ್ದ. ಕೆಳಗೆ ಜನ ಕೆಮ್ಮೋಕೆ ಶುರು ಮಾಡಿದ್ರು.

ಆಗ ಎರಡನೇ ಸಾಲಿಂದ ಒಬ್ಬಳು ಎದ್ದು ಮೆಟ್ಟಿಲು ಹತ್ತಿ ಬಂದ್ಲು. ತಲೆ ಮೇಲೆ ತಿಳಿ ನೀಲಿ ದುಪಟ್ಟಾ. ಹುಮಾ. ಇದ್ರೀಸನ ಮಗಳು. ಸಣ್ಣವಳಿದ್ದಾಗ ಪರದೆ ಹಿಂದೆ ಕೂತು ಹೋಂವರ್ಕ್ ಮಾಡ್ತಿದ್ದ ಮಗು, ಆ ಹುಬ್ಬು ನೋಡಿದ್ರೇ ಗೊತ್ತಾಗ್ತದೆ. ಅವಳು ಬಂದಿರೋದು ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಕಡೆ ನೋಡಲಿಲ್ಲ. ಟೇಬಲ್ ಮೇಲಿದ್ದ ಟವೆಲ್ ತಗಂಡ್ಲು, ಬಗ್ಗಿದ್ಲು, ಡ್ರೈವರ್ ಕುತ್ತಿಗೆಗೆ ಕಟ್ಟಿದ್ಲು, ಅಪ್ಪನ ಹಂಗೇ ಎರಡು ಗಂಟು. ಅವಳ ತುಟಿ ಅವನ ಕಿವಿ ಹತ್ರ ಆಡ್ತು.

ಬೇಡ ಮಗಳೇ, ಹೇಳ್ಬೇಡ, ನನ್ನ ಮಾನ ಅಷ್ಟಾದ್ರೂ ಉಳೀಲಿ ಅಂತ ಕೂಗ್ಬೇಕು ಅನ್ನಿಸ್ತು. ಬಾಯಿಂದ ಬಂದಿದ್ದು "ಕಂಪೌಂಡ್ರೇ, ಕೊಡೆ ತನ್ನಿ!" ಅನ್ನೋ ಮಾತೇ.

ಅವಳು ಕೊಡೆ ಕೊಟ್ಲು. ಬಿಚ್ಚಿದೆ. ಡ್ರೈವರ್ ತಲೆ ಎತ್ತಿ ನೋಡ್ದ, ಕೊಡೇನಲ್ಲ, ನನ್ನನ್ನ. ಆಮೇಲೆ ನಕ್ಕ. ಹೊಟ್ಟೆ ಹಿಡ್ಕಂಡು, ತೊಡೆ ತಟ್ಕಂಡು, ಒಳ್ಳೇ ಮನುಷ್ಯ, ಚೆನ್ನಾಗೇ ನಕ್ಕ. ಎಂಬತ್ತು ಜನ ಎದ್ದು ಚಪ್ಪಾಳೆ ಹೊಡೆದ್ರು. ಅವನ ಆ ನೋಟ ನಂಗೆ ಹೊಸದಲ್ಲ. ಕುರ್ಚೀಲಿ ಕೂತ ಎಲ್ಲರ ಕಣ್ಣಲ್ಲೂ ಅದನ್ನ ಕಂಡಿದ್ದೆ. ಅಭಿಮಾನ ಅಂದ್ಕಂಡಿದ್ದೆ ಇಷ್ಟು ವರ್ಷ. "ಇನ್ನು ನೆನೆಯಲ್ಲ, ಧೈರ್ಯವಾಗಿ ಮನೆಗೆ ಹೋಗಿ" ಅಂತ ಹೇಳಿ ಮುಗಿಸಿದೆ.

ಊಟಕ್ಕೆ ಎಲ್ಲರೂ ಶೆಡ್ಡಿಗೆ ಹೋದ್ರು. ನಾನು ಸ್ಟೇಜಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಹುಮಾ ತಟ್ಟೆ ತಂದ್ಲು, ಅನ್ನ, ಹುಳಿ, ಹುರುಳಿಕಾಯಿ ಪಲ್ಯ.

"ಅವನಿಗೆ ಎಂತ ಹೇಳ್ದೆ ಮಗಳೇ?"

"ಅಪ್ಪ ಹೇಳ್ತಿದ್ದಿದ್ದೇ ಅಂಕಲ್."

"ನಾನು ಅವನಿಗೆ ಮಾಡಿದ್ದು ಗೊತ್ತಲ್ಲ ನಿಂಗೆ? ನಾನು ಮಣ್ಣಿಗೂ ಬರಲಿಲ್ಲ."

"ಗೊತ್ತು" ಅಂದ್ಲು. ದನಿ ಮೆತ್ತಗಿರ್ಲಿಲ್ಲ. "ನಂಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಇವತ್ತು ಬರೋ ಮನಸೇ ಇರ್ಲಿಲ್ಲ."

"ನನ್ನ ಬಗ್ಗೆ ಏನಾದ್ರೂ ಅಂದ್ನಾ, ಕೊನೆಗೆ?"

"ಮೂಡಿಗೆರೆಗೆ ಹೋಗಿ ಬಂದವರನ್ನೆಲ್ಲ ಕೇಳ್ತಿದ್ರು. ದಾಮು ಸಿಕ್ಕಿದ್ನಾ, ಹೊತ್ತೊತ್ತಿಗೆ ಊಟ ಮಾಡ್ತಾನಂತಾ ಅಂತ. ಅಷ್ಟೇ."

ಅವಳು ತಟ್ಟೆಯನ್ನ ನನ್ನ ತೊಡೆ ಮೇಲಿಟ್ಲು.

"ಪೇಷೆಂಟು ನಕ್ರಲ್ಲ ಅಂಕಲ್. ಈಗ ಊಟ ಮಾಡಿ."

ನಾನು ಉಣ್ಣೋ ತನಕ ಹೋಗಲ್ಲ ಅನ್ನೋ ಹಂಗೆ ಎದುರಿಗೇ ನಿಂತ್ಲು. ಅನ್ನ ಕಲಸಿದೆ. ಒಂದು ತುತ್ತು ಬಾಯಿಗಿಟ್ಟೆ. ಅದು ಒಳಗೂ ಇಳೀಲಿಲ್ಲ, ಉಗುಳೋಕೂ ಆಗಲಿಲ್ಲ. ಹಂಗೇ ಬಾಯಲ್ಲಿಟ್ಕಂಡು ಅತ್ತೆ.